ಮಾಲೀಷಿಗೆ ಹೋಗುವ ಮೊದಲು ಕಿಟಕಿ ನೋಡಿ

ಕೋವಿಡ್ ದಿನಗಳಲ್ಲಿ ಮಾಲೀಷು, ಅಭ್ಯಂಗ, ತಲೆ ಮಸಾಜ್ ಅಂದರೆ ಎಲ್ಲರ ಕಣ್ಣೂ ಹೋದದ್ದು ಕೈಗಳ ಕಡೆಗೆ. ಮೈಮುಟ್ಟುವ ಕೆಲಸ, ಹಾಗಾಗಿ ಅಪಾಯವೂ ಮುಟ್ಟುವುದರಲ್ಲೇ ಇದೆ ಎಂದು ಗಿರಾಕಿಗಳು ನಂಬಿದರು, ನಡೆಸುವವರೂ ನಂಬಿದರು. ಬಾಗಿಲಲ್ಲಿ ಥರ್ಮಲ್ ಗನ್, ಮೇಜಿನ ಮೇಲೆ ಸ್ಯಾನಿಟೈಸರ್, ಹಾಸಿಗೆಗೆ ಪ್ಲಾಸ್ಟಿಕ್ ಹಾಳೆ. ಇಷ್ಟೆಲ್ಲ ಮಾಡಿ, ಕಿಟಕಿ ಬಾಗಿಲು ಭದ್ರಪಡಿಸಿ, ಎಸಿ ಹಾಕಿ, ಒಂದು ತಾಸು ಒಳಗಿರುವುದು! ಸೋಂಕು ಮತ್ತೆ ಏರಿದ ಸುದ್ದಿ ಬಂದಾಗಲೆಲ್ಲ ಇದೇ ಕಸರತ್ತು ಮರುಕಳಿಸುತ್ತದೆ. ಈ ಲೆಕ್ಕ ಎಲ್ಲಿ ತಪ್ಪಿದೆ, ಸರಿಯಾಗಿ ಹಾಕುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಹಿನ್ನೆಲೆ ಚುಟುಕಾಗಿ. ಕೋವಿಡ್ ಮುಖ್ಯವಾಗಿ ಉಸಿರಿನಿಂದ ಉಸಿರಿಗೆ ದಾಟುತ್ತದೆ. ಸೋಂಕು ಅಂಟಿದ ವಸ್ತುವನ್ನು ಮುಟ್ಟಿದರೆ ರೋಗ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಮರುತಿಂಗಳು ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಹೊರಡಿಸಿದ ಸೂಚನೆಯಲ್ಲಿ, ದೊಡ್ಡ ಹನಿಗಳು 2 ಮೀಟರಿನೊಳಗೆ ಬಿದ್ದರೂ ಸೂಕ್ಷ್ಮ ಕಣಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ಸಾಗಬಲ್ಲವು ಎಂದಿತ್ತು. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಕಣಿವೆಯಲ್ಲಿ ಎರಡೂವರೆ ತಾಸು ಒಟ್ಟಿಗೆ ಹಾಡಿನ ತಾಲೀಮು ಮಾಡಿದ 61 ಮಂದಿಯಲ್ಲಿ, ದೃಢಪಟ್ಟವರೂ ಶಂಕಿತರೂ ಸೇರಿ 53 ಮಂದಿಗೆ ಕೋವಿಡ್ ಬಂತು. ಅಲ್ಲಿ ಯಾರೂ ಯಾರ ಮೈಯನ್ನೂ ತಿಕ್ಕಿರಲಿಲ್ಲ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು: ಎಲ್ಲ ರೋಗದ ದಾರಿಯೂ ಒಂದೇ ಅಲ್ಲ. ಕಜ್ಜಿ, ಹುಳುಕಡ್ಡಿ, ಮಂಕಿಪಾಕ್ಸ್ ಮುಂತಾದವು ಚರ್ಮದಿಂದ ಚರ್ಮಕ್ಕೆ, ಬಟ್ಟೆಯಿಂದ ಬಟ್ಟೆಗೆ ದಾಟುತ್ತವೆ. ಅವುಗಳ ಕಾಲದಲ್ಲಿ ಕೈ, ಹೊದಿಕೆ, ಟವೆಲ್ಲುಗಳೇ ಮುಖ್ಯ. ಆದ್ದರಿಂದ ಮೊದಲ ಕೆಲಸ, ಈಗ ಹಬ್ಬುತ್ತಿರುವ ರೋಗ ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿದುಕೊಳ್ಳುವುದು. ಮುಂದೆ ಹೇಳುವುದೆಲ್ಲ ಉಸಿರಿನಲ್ಲಿ ಬರುವ ರೋಗದ ಮಾತು.

ಎರಡನೆಯದು, ಊರಿನಲ್ಲಿ ಸೋಂಕು ಎಷ್ಟಿದೆ ಎಂಬ ಅಂದಾಜು. ಸುಮ್ಮನೆ ಲೆಕ್ಕಕ್ಕೆ, ಇನ್ನೂರು ಜನರಲ್ಲಿ ಒಬ್ಬರು ಸೋಂಕು ಹರಡುವ ಸ್ಥಿತಿಯಲ್ಲಿದ್ದಾರೆ ಎಂದುಕೊಳ್ಳಿ. ತಿಂಗಳಿಗೊಮ್ಮೆ ಮಾಲೀಷಿಗೆ ಹೋಗುವವರಿಗೆ ಇದು ದೊಡ್ಡದೆನಿಸುವುದಿಲ್ಲ. ಅದೇ ಲೆಕ್ಕವನ್ನು ಮಾಲೀಷು ಮಾಡುವವರ ಕಡೆಯಿಂದ ಹಾಕಿ ನೋಡಿ. ದಿನಕ್ಕೆ ಆರು ಗಿರಾಕಿ, ವಾರಕ್ಕೆ ಆರು ದಿನ, ಒಟ್ಟು 36 ಮಂದಿ. ಅವರಲ್ಲಿ ಒಬ್ಬರಾದರೂ ಸೋಂಕಿತರಾಗಿರುವ ಸಾಧ್ಯತೆ ಶೇ 16ನ್ನು ದಾಟುತ್ತದೆ, ಅಂದರೆ ಸುಮಾರು ಆರು ವಾರಕ್ಕೊಮ್ಮೆ ಅಂಥ ಒಬ್ಬರ ಜೊತೆ ಒಂದು ತಾಸು ಮುಚ್ಚಿದ ಕೋಣೆಯಲ್ಲಿ ಕಳೆದಂತೆ. ಮೈಬಗ್ಗಿಸಿ ದುಡಿಯುವವರು ಮಲಗಿದವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಹೆಚ್ಚು ಗಾಳಿ ಬಿಡುತ್ತಾರೆ ಕೂಡ. ‘ನನಗೇನಾದೀತು’ ಎಂದು ಕೇಳುವ ಗಿರಾಕಿ ಅರ್ಧ ಪ್ರಶ್ನೆಯನ್ನು ಮಾತ್ರ ಕೇಳುತ್ತಿದ್ದಾರೆ. ಸೋಂಕು ತಗಲಿಸಿಕೊಂಡ ಮಾಲೀಷಿನವರು ಮರುದಿನ ಇನ್ನೂ ಆರು ಮಂದಿಯ ಮೇಲೆ ಬಾಗುತ್ತಾರೆ. ಆ ಆರರಲ್ಲಿ ನೀವೂ ಇರಬಹುದು.

ಮೂರನೆಯದು ಅಗತ್ಯ. ಪಾರ್ಶ್ವವಾಯು ಬಡಿದವರಿಗೆ ವೈದ್ಯರು ಹೇಳಿದ ವ್ಯಾಯಾಮ, ಫಿಸಿಯೊಥೆರಪಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಕೀಲು ಹಿಡಿದುಕೊಳ್ಳುತ್ತವೆ. ಅಲ್ಲಿ ಮುಂದೂಡುವುದೂ ಒಂದು ಅಪಾಯ. ದಣಿವಾರಿಸಿಕೊಳ್ಳಲು ಮಾಡಿಸುವ ಮಾಲೀಷು ಎರಡು ಮೂರು ವಾರ ಕಾದರೆ ಕಳೆದುಹೋಗುವುದೇನಿಲ್ಲ. ಅಲೆ ಏರುತ್ತಿರುವಾಗ ಮುಂದೂಡುವುದು, ಇಳಿದ ಮೇಲೆ ಹೋಗುವುದು. ಇದಕ್ಕಿಂತ ಅಗ್ಗದ ರಕ್ಷಣೆ ಬೇರೊಂದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ‘ಎಲ್ಲ ಬಂದ್’ ಎನ್ನುವುದಾಗಲಿ ‘ಎಲ್ಲ ತೆರೆಯಿರಿ’ ಎನ್ನುವುದಾಗಲಿ ಸೋಮಾರಿ ತೀರ್ಮಾನ.

ನಾಲ್ಕನೆಯದು ಕೋಣೆಯ ಗಾಳಿ. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ತುಸು ಹೆಚ್ಚು ಹೇಳುತ್ತೇನೆ. ‘ನಮ್ಮಲ್ಲಿ ಎಸಿ ಇದೆ, ಗಾಳಿ ಚೆನ್ನಾಗಿದೆ’ ಎಂಬ ಉತ್ತರವನ್ನು ಒಪ್ಪಬೇಡಿ. ಗೋಡೆಯ ಮೇಲಿನ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ. ಕೋಣೆಯೊಳಗಿನ ಗಾಳಿಯನ್ನೇ ಎಳೆದು ತಂಪು ಮಾಡಿ ಮತ್ತೆ ಒಳಗೇ ಬಿಡುತ್ತದೆ. ಸೀಲಿಂಗ್ ಫ್ಯಾನ್ ಕೂಡ ಇದ್ದ ಗಾಳಿಯನ್ನು ಕಲಕುತ್ತದೆಯೇ ಹೊರತು ಬದಲಿಸುವುದಿಲ್ಲ. ಗಾಳಿ ಬದಲಾಗುವುದನ್ನು ಅಳೆಯುವ ಲೆಕ್ಕ ಸರಳ. ಕೋಣೆಯಲ್ಲಿರುವಷ್ಟು ಹೊರಗಾಳಿ ತಾಸಿಗೆ ಎರಡು ಸಲ ಒಳಬಂದರೆ, ತೇಲುವ ಕಣಗಳಲ್ಲಿ ಶೇ 99 ಖಾಲಿಯಾಗಲು 138 ನಿಮಿಷ ಬೇಕು. ಆರು ಸಲ ಬಂದರೆ 46 ನಿಮಿಷ. ಹನ್ನೆರಡು ಸಲ ಬಂದರೆ 23 ನಿಮಿಷ. ಮುಚ್ಚಿದ ಎಸಿ ಕೋಣೆಯಲ್ಲಿ ಆ ಎರಡು ಸಲವೂ ಅನುಮಾನ. ಅಂದರೆ ನೀವು ಒಳಗೆ ಕಾಲಿಟ್ಟಾಗ ಹಿಂದಿನ ಗಿರಾಕಿಯ ಉಸಿರು ಇನ್ನೂ ಅಲ್ಲೇ ಇರುತ್ತದೆ. ಹಾಸಿದ ಹೊಸ ಬಟ್ಟೆ ಕಣ್ಣಿಗೆ ಕಾಣುತ್ತದೆ, ಉಳಿದ ಗಾಳಿ ಕಾಣುವುದಿಲ್ಲ; ಅದಕ್ಕೇ ದುಡ್ಡೆಲ್ಲ ಬಟ್ಟೆಗೆ ಹೋಗುತ್ತದೆ.

ಇದಕ್ಕೆ ಅಭ್ಯಂಗ ಮಾಡುವವರ ಆಕ್ಷೇಪ ಒಂದಿದೆ, ಅದು ನ್ಯಾಯವಾದದ್ದೇ. ಎಣ್ಣೆ ಹಚ್ಚಿದ ಮೈಗೆ ಗಾಳಿ ಬಡಿಯಬಾರದು, ಕೋಣೆ ನಿವಾತವಾಗಿರಬೇಕು ಎಂಬುದು ಪದ್ಧತಿ. ಚಳಿ ಹಿಡಿಸಿಕೊಂಡು ಯಾರೂ ಮಾಲೀಷು ಮಾಡಿಸಿಕೊಳ್ಳುವುದಿಲ್ಲ. ಆದರೆ ಮೈಗೆ ಗಾಳಿ ಬಡಿಯುವುದು ಬೇರೆ, ಕೋಣೆಯ ಗಾಳಿ ಬದಲಾಗುವುದು ಬೇರೆ. ಹಳೆಯ ಮನೆಗಳ ಬಚ್ಚಲಿನಲ್ಲಿ ಮಾಡಿನ ಹತ್ತಿರ ಗವಾಕ್ಷಿ ಇರುತ್ತಿತ್ತು; ಬಿಸಿಯೇರಿದ ಗಾಳಿ, ಹಬೆ, ಹೊಗೆ ಮೇಲಿನಿಂದ ಹೊರಹೋಗುತ್ತಿತ್ತು, ಕೆಳಗೆ ಕೂತವರಿಗೆ ಬೀಸುಗಾಳಿ ತಾಗುತ್ತಿರಲಿಲ್ಲ. ಈಗಿನ ಕೋಣೆಗೆ ಅದೇ ಉಪಾಯ: ಮೇಲೆ ಎಕ್ಸಾಸ್ಟ್ ಫ್ಯಾನ್, ಬಾಗಿಲ ಕೆಳಗೆ ಗಾಳಿ ಒಳಬರಲು ಎರಡು ಬೆರಳಷ್ಟು ಸಂದು, ಮಾಲೀಷಿನ ಮೇಜಿನಿಂದ ದೂರದ ಕಿಟಕಿ ಅರ್ಧ ತೆರೆದು ಮುಂದೊಂದು ಪರದೆ. ಗಾಳಿ ಒಳಬರಲು ದಾರಿಯೇ ಇಲ್ಲದೆ ಎಕ್ಸಾಸ್ಟ್ ತಿರುಗಿದರೆ ಸದ್ದು ಮಾತ್ರ. ಎಷ್ಟೋ ಕಡೆ ಫ್ಯಾನ್ ಇರುವುದು ಪಕ್ಕದ ಬಾತ್‌ರೂಮಿನಲ್ಲಿ, ಆ ಬಾಗಿಲೂ ಮುಚ್ಚಿರುತ್ತದೆ. ಇನ್ನು ಕೆಲವೆಡೆ ಮೆಲು ಸಂಗೀತಕ್ಕೆ ಅಡ್ಡಿ ಎಂದು ಫ್ಯಾನನ್ನೇ ಆರಿಸುತ್ತಾರೆ. ಟಿಶ್ಯೂ ಕಾಗದದ ಚೂರೊಂದನ್ನು ಫ್ಯಾನಿನ ಜಾಲರಿಗೆ ಹಿಡಿದು ನೋಡಿ. ಅಂಟಿಕೊಂಡು ನಿಂತರೆ ಎಳೆತ ಇದೆ, ಜಾರಿ ಬಿದ್ದರೆ ಇಲ್ಲ. ಫೋನಿನಲ್ಲೇ ಕೇಳಬೇಕಾದ ಪ್ರಶ್ನೆಗಳು ಎರಡು: ಕಿಟಕಿ ಹೊರಕ್ಕೆ ತೆರೆಯುತ್ತದೆಯೇ, ಇಬ್ಬರು ಗಿರಾಕಿಗಳ ನಡುವೆ ಎಷ್ಟು ಹೊತ್ತು ಕೋಣೆಯನ್ನು ತೆರೆದಿಡುತ್ತೀರಿ? ಉತ್ತರಕ್ಕೆ ತಡವರಿಸಿದರೆ ದಿನದ ಮೊದಲ ಗಿರಾಕಿಯಾಗಿ ಹೋಗಿ. ರಾತ್ರಿಯೆಲ್ಲ ಖಾಲಿಯಿದ್ದ ಕೋಣೆ ನಿಮ್ಮದಾಗುತ್ತದೆ. ಕರ್ಪೂರ, ಧೂಪದ ಹೊಗೆ ಹಾಕಿ ‘ಶುದ್ಧ ಮಾಡಿದ್ದೇವೆ’ ಎಂದರೆ ನಂಬಬೇಡಿ. ಹೊಗೆ ಹೊರಹೋಗದ ಕೋಣೆಯಿಂದ ವೈರಸ್ಸೂ ಹೊರಹೋಗುವುದಿಲ್ಲ. ಆ ಹೊಗೆಯನ್ನು ನೋಡಿಯಾದರೂ ಅದು ತಿಳಿಯಬೇಕು.

ಐದನೆಯದು ಮಾಸ್ಕ್. ಮಾಲೀಷು ಮಾಡುವವರಿಗೆ ಎನ್-95, ಮಾಡಿಸಿಕೊಳ್ಳುವವರಿಗೆ ಕನಿಷ್ಠ ಸರ್ಜಿಕಲ್ ಮಾಸ್ಕ್. ಬೋರಲು ಮಲಗಿದಾಗ ಉಸಿರು ಕಟ್ಟಿದಂತಾಗುತ್ತದೆ ಎನ್ನುವವರು ಪಕ್ಕಕ್ಕೆ ತಿರುಗಿ ಮಲಗಿ ಬೆನ್ನಿಗೆ ಮಾಡಿಸಿಕೊಳ್ಳಬಹುದು. ಮುಖ ಕೆಳಗಿದೆಯಲ್ಲ, ಉಸಿರು ನೆಲಕ್ಕೆ ಹೋಗುತ್ತದೆ ಎಂಬ ವಾದ ನಿಲ್ಲುವುದಿಲ್ಲ. ಸೂಕ್ಷ್ಮ ಕಣಗಳು ನೆಲಕ್ಕೆ ಇಳಿದು ಸುಮ್ಮನಿರುವುದಿಲ್ಲ, ಕೋಣೆಯ ಗಾಳಿಯೊಡನೆ ಮೇಲೇಳುತ್ತವೆ. ಮಾಸ್ಕಿನ ಪರವಾಗಿ ಜನ ಎತ್ತಿ ಹೇಳುವ ಒಂದು ಪ್ರಕರಣವಿದೆ. 2020ರ ಮೇನಲ್ಲಿ ಅಮೆರಿಕದ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೋವಿಡ್ ಲಕ್ಷಣವಿದ್ದ ಇಬ್ಬರು ಕೇಶವಿನ್ಯಾಸಕರು 139 ಗಿರಾಕಿಗಳಿಗೆ ಕೆಲಸ ಮಾಡಿದರು. ಎರಡೂ ಕಡೆಯವರು ಮಾಸ್ಕ್ ಹಾಕಿದ್ದರು. ಗಿರಾಕಿಗಳಲ್ಲಿ ಯಾರಿಗೂ ಲಕ್ಷಣ ಕಾಣಲಿಲ್ಲ, ಪರೀಕ್ಷೆಗೆ ಒಪ್ಪಿದ 67 ಮಂದಿಯಲ್ಲಿ ಒಬ್ಬರಿಗೂ ಸೋಂಕು ಇರಲಿಲ್ಲ. ಇದನ್ನು ಹಿಡಿದು ‘ಮಾಸ್ಕ್ ಇದ್ದರೆ ಸಾಕು, ಮಾಲೀಷೂ ಸುರಕ್ಷಿತ’ ಎನ್ನುವುದು ಆತುರ. ಅಲ್ಲಿ ಹೆಚ್ಚಿನವರ ಕೆಲಸ ಕಾಲು ತಾಸಿನಲ್ಲಿ ಮುಗಿದಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಪರೀಕ್ಷೆಯೇ ಆಗಲಿಲ್ಲ. ವೈರಸ್ಸಿನ ರೂಪಾಂತರಗಳು ಆಮೇಲೆ ಇನ್ನಷ್ಟು ವೇಗವಾಗಿ ಹರಡುವಂತಾದವು. ಮಾಸ್ಕ್ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಒಳ್ಳೆಯ ಸುಳಿವು, ಒಂದು ತಾಸಿನ ಮುಚ್ಚಿದ ಕೋಣೆಗೆ ಪರವಾನಗಿಯಲ್ಲ. ಇದೇ ಕಾರಣಕ್ಕೆ ತಾಸಿನ ಮಾಲೀಷನ್ನು ಅರ್ಧ ತಾಸಿಗೆ ಇಳಿಸಿ, ಮಾತು ಕಡಿಮೆ ಮಾಡಿ. ಮಾಸ್ಕ್ ತೆಗೆಯದೆ ಮಾಡಲಾಗದವು, ಅಂದರೆ ಮುಖದ ಮಾಲೀಷು, ಮೂಗಿಗೆ ಎಣ್ಣೆ ಬಿಡುವ ನಸ್ಯ, ಹಬೆ ಸ್ನಾನ, ಅಲೆ ಇಳಿಯುವವರೆಗೆ ಬೇಡವೇ ಬೇಡ. ನಸ್ಯ ಮಾಡಿದಾಗ ಸೀನು ಬರುವುದು ಸಹಜ, ಎದುರಿಗಿರುವವರ ಮುಖ ಮೊಳದಷ್ಟೂ ದೂರವಿರುವುದಿಲ್ಲ.

‘ಜ್ವರ ನೋಡಿಯೇ ಒಳಗೆ ಬಿಡುತ್ತೇವೆ’ ಎಂಬುದು ಇನ್ನೊಂದು ಭರವಸೆ. ಕೋವಿಡ್ ಸೋಂಕಿತರು ಲಕ್ಷಣ ಕಾಣುವ ಎರಡು ದಿನ ಮೊದಲೇ ಹರಡತೊಡಗುತ್ತಾರೆ, ಲಕ್ಷಣವೇ ಇಲ್ಲದೆ ಹರಡುವವರೂ ಇದ್ದಾರೆ. ಥರ್ಮಲ್ ಗನ್‌ಗೆ ಇವರು ಯಾರೂ ಸಿಗುವುದಿಲ್ಲ, ಪ್ಯಾರಾಸಿಟಮಾಲ್ ನುಂಗಿ ಬಂದವರೂ ಸಿಗುವುದಿಲ್ಲ. ರ‍್ಯಾಪಿಡ್ ಪರೀಕ್ಷೆಯ ನೆಗೆಟಿವ್ ಚೀಟಿ ಅಂದಿನ ಮಟ್ಟಿಗೆ ಒಂದಿಷ್ಟು ಧೈರ್ಯ ಕೊಡಬಹುದು, ಮೂರು ದಿನ ಹಳೆಯದಾದರೆ ಕಾಗದವಷ್ಟೇ. ಲಸಿಕೆಯ ದೊಡ್ಡ ಉಪಕಾರ ರೋಗ ಉಲ್ಬಣಿಸದಂತೆ, ಸಾವು ಬಾರದಂತೆ ಕಾಯುವುದು. ಸೋಂಕು ತಗಲದಂತೆ, ದಾಟದಂತೆ ತಡೆಯುವ ಬಲ ತಿಂಗಳುಗಳಲ್ಲಿ ಇಳಿಯುತ್ತದೆ. ಅಪಾಯ ಇರುವುದು ಉಸಿರಿನಲ್ಲಿ ಎಂದಾದರೆ ಕೈ ತೊಳೆಯುವುದೇ ಬೇಡವೇ? ಬೇಕು, ಸೋಪಿನಿಂದ ಬೇಕು. ಎಣ್ಣೆ ಕೈಗೆ ಸ್ಯಾನಿಟೈಸರ್ ಸರಿಯಾಗಿ ಹತ್ತುವುದಿಲ್ಲ. ಅದಕ್ಕಿಂತ ಮುಖ್ಯ, ಎಣ್ಣೆ ಬಿಸಿ ಮಾಡುವ ಒಲೆಯ ಪಕ್ಕ ಸ್ಯಾನಿಟೈಸರ್ ಇಡಬೇಡಿ. ಅದು ಮದ್ಯಸಾರ, ಬೆಂಕಿ ಹಿಡಿಯುತ್ತದೆ.

ಜಾಗ ಮುಗಿಯುತ್ತಿದೆ, ಮನೆಗೆ ಕರೆಸುವವರಿಗೆ ನಾಲ್ಕು ಮಾತು. ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ ನೀರು ಹಾಕಲು ಬರುವವರು ದಿನಕ್ಕೆ ಮೂರು ನಾಲ್ಕು ಮನೆ ಸುತ್ತುತ್ತಾರೆ. ಕೂಸಿಗೆ ಮಾಸ್ಕ್ ಹಾಕುವಂತಿಲ್ಲ; ಎರಡು ವರ್ಷದೊಳಗಿನವರಿಗೆ ಅದು ಅಪಾಯ. ಹಾಗಾಗಿ ಬರುವವರಿಗೆ ಒಳ್ಳೆಯ ಮಾಸ್ಕನ್ನು ನೀವೇ ತಂದುಕೊಡಿ, ನಿಮ್ಮ ಮನೆಗೇ ಮೊದಲು ಬರಲು ಕೇಳಿಕೊಳ್ಳಿ, ಬಚ್ಚಲಿನ ಮೇಲ್ಕಿಟಕಿ ತೆರೆದಿಡಿ, ಕೆಂಡದ ಹೊಗೆ ಹಾಕಬೇಡಿ, ಅಜ್ಜ ಅಜ್ಜಿ ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಹೊರಗೆ ಮಾಲೀಷು ಮಾಡಿಸಿಕೊಂಡು ಬಂದವರು ಐದು ದಿನ ವಯಸ್ಸಾದವರ ಹತ್ತಿರ ಮಾಸ್ಕ್ ಹಾಕಿಕೊಂಡೇ ಕೂರಲಿ. ಅಂದು ಬೆಳಿಗ್ಗೆ ನಿಮಗೆ ಗಂಟಲು ಕೆರೆದರೆ ಫೋನ್ ಮಾಡಿ ಬೇಡವೆನ್ನಿ, ಬರಬೇಕಿದ್ದವರಿಗೆ ಆ ದಿನದ ಕೂಲಿಯನ್ನು ಕೊಟ್ಟುಬಿಡಿ. ಕೂಲಿ ತಪ್ಪುವ ಭಯವಿದ್ದರೆ ನಾಳೆ ಅವರಿಗೆ ಜ್ವರ ಬಂದಾಗ ಅವರೂ ಹೇಳುವುದಿಲ್ಲ.