ಎಸ್‌ಪ್ರೆಸೊ ಕೈಕೊಟ್ಟರೆ ಮೊದಲು ಪುಡಿ ನೋಡಿ

ನವಿ ಮುಂಬೈಯ ರಬಾಳೆಯಲ್ಲಿರುವ ನಮ್ಮ ಅಡುಗೆಮನೆಗೆ ಎಸ್‌ಪ್ರೆಸೊ ಮಷಿನ್ ಬಂದ ದಿನ ಮನೆಯಲ್ಲಿದ್ದದ್ದು ಊರಿಂದ ತಂದ ಫಿಲ್ಟರ್ ಕಾಫಿಪುಡಿ ಮಾತ್ರ. ತಡೆಯಲಾರದೆ ಅದನ್ನೇ ತುಂಬಿ ಗುಂಡಿ ಒತ್ತಿದೆ. ಪಂಪು ಗುರುಗುಟ್ಟಿತು, ಲೋಟಕ್ಕೆ ನಾಲ್ಕು ತೊಟ್ಟು ಕಪ್ಪು ರಸ ಬಿತ್ತು, ಅಷ್ಟೇ. ತಪ್ಪು ಮಷಿನಿನದಲ್ಲ, ಪುಡಿಯಲ್ಲಿದ್ದ ಚಿಕೋರಿಯದು. ಫಿಲ್ಟರಿನಲ್ಲಿ ನೀರನ್ನು ಹಿಡಿದು ನಿಧಾನವಾಗಿ ಇಳಿಸುವ ಚಿಕೋರಿ, ಎಸ್‌ಪ್ರೆಸೊದಲ್ಲಿ ದಾರಿಯನ್ನೇ ಕಟ್ಟಿಬಿಡುತ್ತದೆ.

ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎಸ್‌ಪ್ರೆಸೊದಲ್ಲಿ 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನುಗ್ಗಿಸಿ, ಅರ್ಧ ನಿಮಿಷದೊಳಗೆ ಕೆಲಸ ಮುಗಿಸುತ್ತೇವೆ. ಹಾಗಾಗಿ ಪುಡಿಯಲ್ಲಾದ ಸಣ್ಣ ಏರುಪೇರೂ ನಾಲಿಗೆಗೆ ಗೊತ್ತಾಗುತ್ತದೆ.

ಮೊದಲು ಇವಿಷ್ಟು ಇರಲಿ

* ಬೀಜ: ಚಿಕೋರಿ ಬೆರೆಸದ ಇಡೀ ಬೀಜ ಬೇಕು. ಮಾಟುಂಗದ ಕಾಫಿ ಅಂಗಡಿಗೆ ಹೋದರೂ, ಚಿಕ್ಕಮಗಳೂರಿನಿಂದ ತರಿಸಿದರೂ ‘ಪುಡಿ ಮಾಡಬೇಡಿ’ ಎಂದು ಹೇಳಿ, ಹುರಿದ ದಿನ ಕೇಳಿ. ಹುರಿದು ಒಂದು ವಾರದಿಂದ ಒಂದು ತಿಂಗಳವರೆಗಿನ ಬೀಜ ಒಳ್ಳೆಯದು. ನಿನ್ನೆ ಹುರಿದದ್ದರಲ್ಲಿ ಗ್ಯಾಸ್ ಹೆಚ್ಚು, ಬರೀ ನೊರೆ ಬರುತ್ತದೆ. ತೀರಾ ಹಳೆಯದಾದರೆ ಕಾಫಿಯ ಮೇಲೆ ಕೂರುವ ದಪ್ಪ ನೊರೆ, ಅಂದರೆ ಕ್ರೀಮಾ, ಕಟ್ಟುವುದೇ ಇಲ್ಲ.
* ಗ್ರೈಂಡರ್: ಮಿಕ್ಸಿ ಬೀಜವನ್ನು ಕೊಚ್ಚುತ್ತದೆ, ಧೂಳೂ ರವೆಯೂ ಒಟ್ಟಿಗೆ ಬೀಳುತ್ತವೆ. ಬರ್ ಗ್ರೈಂಡರ್ ನಮ್ಮ ಬೀಸುವ ಕಲ್ಲಿನ ಹಾಗೆ, ಎರಡು ಹಲ್ಲುಗಳ ನಡುವಿನ ಸಂದು ಎಷ್ಟು ಕಿರಿದೋ ಪುಡಿ ಅಷ್ಟು ನುಣುಪು.
* ತಕ್ಕಡಿ ಮತ್ತು ಗಡಿಯಾರ: 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಮೊಬೈಲಿನ ಸ್ಟಾಪ್‌ವಾಚ್.
* ಬಾಸ್ಕೆಟ್: ಪುಡಿ ತುಂಬುವ ಈ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಹೊರಕ್ಕೆ ಒಂದೇ ತೂತು ಕಂಡರೆ ಅದು ಒತ್ತಡವನ್ನು ತಾನೇ ಕಟ್ಟುವ ಎರಡು ಪದರದ್ದು. ಅದರಲ್ಲಿ ಪುಡಿ ಬದಲಿಸಿದರೂ ಫಲ ಅಷ್ಟಾಗಿ ಕಾಣದು. ತಳದ ತುಂಬ ತೂತುಗಳಿರುವ ಒಂದೇ ಪದರದ್ದನ್ನು ಹಾಕಿ.

ಒಂದು ಶಾಟ್ ಎಸ್‌ಪ್ರೆಸೊ ತೆಗೆಯುವ ಕ್ರಮ

1. ಬಾಸ್ಕೆಟ್ ಕೂರುವ ಹಿಡಿಯನ್ನು ಮಷಿನಿಗೆ ಸಿಕ್ಕಿಸಿಯೇ 15–20 ನಿಮಿಷ ಬಿಸಿಯಾಗಲು ಬಿಡಿ. ಬಳಿಕ ಸ್ವಲ್ಪ ಬರೀ ನೀರು ಹರಿಸಿ.
2. ಬಾಸ್ಕೆಟ್ 18 ಗ್ರಾಮಿನದಾದರೆ 18 ಗ್ರಾಂ ಪುಡಿ ತೂಗಿ ಹಾಕಿ. ಚಿಕ್ಕದಾದರೆ ಅದರ ಅಳತೆಯಷ್ಟೇ.
3. ಬಾಟಲಿ ಮುಚ್ಚಳಕ್ಕೆ ಚುಚ್ಚಿದ ಮೂರ್ನಾಲ್ಕು ತೆಳು ಸೂಜಿಗಳಿಂದ ತಳದವರೆಗೆ ಕೆದಕಿ ಗಂಟು ಬಿಡಿಸಿ.
4. ಟ್ಯಾಂಪರನ್ನು ಸಮತಟ್ಟಾಗಿ, ಪುಡಿ ಇನ್ನು ಕುಗ್ಗದು ಎನ್ನುವವರೆಗೆ ಒತ್ತಿ. ಎಷ್ಟು ಜೋರು ಎನ್ನುವುದಕ್ಕಿಂತ ಓರೆಯಾಗದಿರುವುದು ಮುಖ್ಯ.
5. ಲೋಟವನ್ನು ತಕ್ಕಡಿ ಮೇಲಿಟ್ಟು ಪಂಪು ಶುರುವಾದ ಕ್ಷಣದಿಂದ ಎಣಿಸಿ. 25–30 ಸೆಕೆಂಡಿನಲ್ಲಿ ಪುಡಿಯ ಎರಡರಷ್ಟು, ಅಂದರೆ 18 ಗ್ರಾಮಿಗೆ 36 ಗ್ರಾಂ, ಬಂದರೆ ನೆಲೆ ಸಿಕ್ಕಿತು.

ಲೋಟ ಏನು ಹೇಳುತ್ತದೆ?

*ಹದಿನೈದು ಸೆಕೆಂಡಿನಲ್ಲೇ ಸುರಿದು, ಕುಡಿದರೆ ಹುಳಿ:* ಪುಡಿ ತರಿಯಾಗಿದೆ. ಗ್ರೈಂಡರನ್ನು ಒಂದು ಗೆರೆ ನುಣುಪಿನ ಕಡೆ ತಿರುಗಿಸಿ. ಒಳಗೆ ಹಳೆಯ ಪುಡಿ ಉಳಿದಿರುತ್ತದೆ. ಎರಡು ಮೂರು ಗ್ರಾಂ ಅರೆದು ಚೆಲ್ಲಿ, ಆಮೇಲಿನದನ್ನು ಬಳಸಿ. ಈ ಒಂದು ಕೆಲಸ ಮರೆತು ‘ತಿರುಗಿಸಿದರೂ ಬದಲಾಗಲಿಲ್ಲ’ ಎಂದು ನಾನು ಎಷ್ಟೋ ಬೀಜ ಹಾಳು ಮಾಡಿದ್ದೇನೆ.

*ನಲವತ್ತು ಸೆಕೆಂಡಾದರೂ ತೊಟ್ಟಿಕ್ಕುತ್ತಿದೆ, ಕಹಿ, ಒಗರು:* ಪುಡಿ ತೀರಾ ನುಣ್ಣಗಾಗಿದೆ. ಒಂದು ಗೆರೆ ತರಿಯ ಕಡೆಗೆ ಸರಿಸಿ.

*ಹುಳಿಯೂ ಇದೆ, ಕಹಿಯೂ ಇದೆ:* ನೀರು ಸಂದಿಯಲ್ಲಿ ನುಗ್ಗಿದೆ. ಬಾಸ್ಕೆಟ್‌ನಿಂದ ಚರಟದ ಬಿಲ್ಲೆಯನ್ನು ತಟ್ಟಿ ಬೀಳಿಸುವ ಮೊದಲು ಮೇಲ್ಮೈ ನೋಡಿ. ಸೂಜಿಮೊನೆಯಷ್ಟು ತೂತೋ ಅಂಚಿನಲ್ಲಿ ಬಿರುಕೋ ಕಂಡರೆ ನೀರು ಅಲ್ಲೇ ಓಡಿದೆ. ಓಡಿದ ಕಡೆ ಪುಡಿ ಅತಿಯಾಗಿ ಬಸಿದಿದೆ, ಉಳಿದ ಕಡೆ ಸರಿಯಾಗಿ ನೆನೆದೇ ಇಲ್ಲ. ಗ್ರೈಂಡರ್ ಮುಟ್ಟಬೇಡಿ. ಮೂರು ಮತ್ತು ನಾಲ್ಕನೆಯ ಹೆಜ್ಜೆ ತಿದ್ದಿಕೊಳ್ಳಿ.

*ಹೊತ್ತು ಸರಿ, ರುಚಿ ಇಲ್ಲ:* ಹುಳಿಯಾದರೆ 40 ಗ್ರಾಂವರೆಗೆ ಹರಿಸಿ, ಇಲ್ಲವೇ ಶಾಖ ಒಂದೆರಡು ಡಿಗ್ರಿ ಏರಿಸಿ. ಕಹಿಯಾದರೆ 32ಕ್ಕೇ ನಿಲ್ಲಿಸಿ. ಕಪ್ಪಗೆ ಹುರಿದ ಬೀಜಕ್ಕೆ ಶಾಖ ಕಡಿಮೆ ಸಾಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪುಡಿ, ತೂಕ, ಶಾಖ ಮೂರನ್ನೂ ಒಟ್ಟಿಗೆ ಬದಲಿಸಿದರೆ ರುಚಿ ಕೂಡಿಬಂದರೂ ಯಾವುದರಿಂದ ಬಂತೆಂದು ತಿಳಿಯದು.

ಮಳೆಗಾಲದ ಮಾತು

ಮಂಗಳೂರು ಕಡೆ ಹಸಿ ಕಾಫಿ ಬೀಜವನ್ನು ಬೇಕೆಂದೇ ಮುಂಗಾರಿನ ಗಾಳಿಗೆ ಒಡ್ಡುತ್ತಾರೆ. ವಾರಗಟ್ಟಲೆ ತೇವ ಹೀರಿದ ಬೀಜ ಉಬ್ಬಿ, ಹುಳಿ ಕಳೆದುಕೊಂಡು, ‘ಮಾನ್ಸೂನ್ಡ್ ಮಲಬಾರ್’ ಆಗುತ್ತದೆ. ಆದರೆ ಹುರಿದ ಬೀಜಕ್ಕೆ ಅದೇ ಗಾಳಿ ಶತ್ರು. ಜುಲೈಯಲ್ಲಿ ರಬಾಳೆಯ ಅಡುಗೆಮನೆಯಲ್ಲಿ ಡಬ್ಬಿ ತೆರೆದಿಟ್ಟರೆ ನಿನ್ನೆಯ ಅಳತೆ ಇಂದು ನಡೆಯುವುದಿಲ್ಲ. ಗ್ರೈಂಡರಿನಲ್ಲಿ ಬೀಜ ತುಂಬಿಡಬೇಡಿ, ಆಯಾ ಹೊತ್ತಿಗೆ ತೂಗಿ ಹಾಕಿ. ಹೆಚ್ಚು ಬೀಜವಿದ್ದರೆ ವಾರಕ್ಕೊಂದರಂತೆ ಪೊಟ್ಟಣ ಕಟ್ಟಿ, ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿಡಿ. ಹೊರತೆಗೆದ ಪೊಟ್ಟಣದ ತಣುಪು ಪೂರ್ತಿ ಆರಿದ ಮೇಲೆ ಬಿಚ್ಚಿ, ಇಲ್ಲದಿದ್ದರೆ ಬೀಜದ ಮೇಲೆ ನೀರು ಕೂರುತ್ತದೆ.

ಪ್ರತಿ ಶಾಟ್ ನಂತರ ನೀರು ಹರಿಸಿ, ಮೇಲಿನ ಜಾಲರಿ ಒರೆಸಿ. ಅಂಟಿದ ಎಣ್ಣೆ ಕಮಟಿದರೆ ಎಷ್ಟು ಒಳ್ಳೆಯ ಬೀಜವೂ ಕಹಿಯೇ. ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಮಷಿನಿನ ಒಳಗೂ ಕಟ್ಟುತ್ತಿದೆ ಎಂದೇ ಅರ್ಥ. ಕೈಪಿಡಿ ಹೇಳುವಂತೆ ಅದನ್ನು ತೆಗೆಯಿರಿ.

ನನ್ನ ಗ್ರೈಂಡರಿನ ಮೈಗೆ ಒಂದು ಚೀಟಿ ಅಂಟಿಸಿದ್ದೇನೆ: ಬೀಜ, ಹುರಿದ ದಿನ, ಗೆರೆಯ ಸಂಖ್ಯೆ, ಸೆಕೆಂಡು, ರುಚಿ. ಠಾಣೆ ಲೋಕಲ್ ಹಿಡಿಯುವ ಅವಸರದಲ್ಲೂ ಅದರ ಮೇಲೊಮ್ಮೆ ಕಣ್ಣಾಡಿಸಿದರೆ ಸಾಕು. ಊರಿನ ಚಿಕೋರಿ ಪುಡಿಯನ್ನೂ ಎಸೆದಿಲ್ಲ. ಅದು ಹಿತ್ತಾಳೆ ಫಿಲ್ಟರಿಗೆ ಮರಳಿದೆ, ಅಲ್ಲಿ ಅದರ ಮೇಲೆ ಯಾವ ದೂರೂ ಇಲ್ಲ.