ವಾಪಸ್ ಕೊಡುವ ಬಾಗಿಲನ್ನು ಮೊದಲು ಕಟ್ಟು

ಬಂಟ್ವಾಳ

ಪ್ರೀತಿಯ ಅಳಿಯ,

ನೀನು ಮತ್ತು ಮೂಡುಬಿದಿರೆಯ ನಿನ್ನ ಗೆಳೆಯರು ಸೇರಿ ಬರೆದ ಯೋಜನೆಯನ್ನು ಪೂರ್ತಿ ಓದಿದೆ. ಬೆಂಗಳೂರಿನ ಕೆಲಸ ಬಿಟ್ಟು ಬೆಳ್ತಂಗಡಿಯಲ್ಲೇ ಕುಳಿತು ಕ್ರಿಪ್ಟೊ ಎಕ್ಸ್‌ಚೇಂಜ್ ಕಟ್ಟಬೇಕೆಂಬ ನಿಮ್ಮ ಧೈರ್ಯ ನನಗೆ ಹಿಡಿಸಿತು. ಬ್ಯಾಂಕಿನ ತಪಾಸಣೆ ವಿಭಾಗದಲ್ಲಿ ಆಯುಷ್ಯ ಕಳೆದ ನನ್ನ ಅಭಿಪ್ರಾಯ ಕೇಳಿದ್ದೀಯ. ಮಿಜಾರು, ಉಜಿರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಇನ್ನೂ ಕೆಲವರ ತಲೆಯಲ್ಲಿ ಇದೇ ಯೋಚನೆ ಓಡುತ್ತಿರಬಹುದು. ಹಾಗಾಗಿ ಉತ್ತರವನ್ನು ಪತ್ರಿಕೆಗೇ ಕೊಟ್ಟಿದ್ದೇನೆ.

ನಿಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನ ವೇಗಕ್ಕೆ. ಆಮೇಲೆ ಬಗೆಬಗೆಯ ನಾಣ್ಯ, ಚಾರ್ಟು, ಗೆಳೆಯರನ್ನು ಕರೆತಂದವರಿಗೆ ಬೋನಸ್. ಗಿರಾಕಿ ತನ್ನ ಹಣವನ್ನು ವಾಪಸ್ ಪಡೆಯುವ ವ್ಯವಸ್ಥೆಗೆ ಕೊನೆಯ ಪುಟದಲ್ಲಿ ಎರಡು ಸಾಲು. ಆ ಎರಡು ಸಾಲನ್ನು ಮೊದಲ ಪುಟಕ್ಕೆ ತನ್ನಿ. ಕೇಳಿದ ದಿನ, ಕೇಳಿದಷ್ಟು, ಕೇಳಿದವನ ಕೈಗೇ ಹಣ ಹೋಗುತ್ತದೆಯೇ? ಉಳಿದ ಪ್ರತಿಯೊಂದು ಸೌಲಭ್ಯವನ್ನೂ ಈ ಒಂದು ಪ್ರಶ್ನೆಯಿಂದಲೇ ಅಳೆಯಬೇಕು. ಹೆಸರಿಗೆ ನಿಮ್ಮದು ವ್ಯಾಪಾರದ ಜಾಗ, ಆದರೆ ಗಿರಾಕಿ ಹಣ ಹಾಕಿದ ಕ್ಷಣದಿಂದ ನೀವು ಠೇವಣಿ ಇಟ್ಟುಕೊಂಡವರು. 1906ರಲ್ಲಿ ಕೆನರಾ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ ಅವಿಭಜಿತ ಜಿಲ್ಲೆ ನಮ್ಮದು. 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾದಾಗ ದಿನಕ್ಕೆರಡಾಣೆ ಕೊಡುತ್ತಿದ್ದ ಜನ ಏಜೆಂಟನ ಮುಖ ನೋಡಿ ಕೊಡುತ್ತಿದ್ದರು. ನಿಮ್ಮ ಆ್ಯಪಿಗೆ ಮುಖವಿಲ್ಲ. ಆ ನಂಬಿಕೆಯನ್ನು ವ್ಯವಸ್ಥೆಯೇ ಗಳಿಸಬೇಕು.

ಮೊದಲು ಕೀಲಿಯ ವಿಷಯ, ಅಂದರೆ ನಾಣ್ಯವನ್ನು ಹೊರಗೆ ಕಳಿಸಲು ಬೇಕಾದ ಗುಪ್ತ ಸಂಕೇತದ್ದು. ಇದರಲ್ಲಿ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಎಕ್ಸ್‌ಚೇಂಜ್‌ಗಳು ಮುಳುಗುವುದು ಹೆಚ್ಚಾಗಿ ಇಲ್ಲೇ. ಗಿರಾಕಿಗಳ ನಾಣ್ಯದ ಬಹುಪಾಲು ಇಂಟರ್ನೆಟ್ಟಿನ ಸಂಪರ್ಕವೇ ಇಲ್ಲದ ಕೋಲ್ಡ್ ವಾಲೆಟ್‌ನಲ್ಲಿರಲಿ. ದಿನದ ವಹಿವಾಟಿಗೆ ಬೇಕಾದಷ್ಟು ಮಾತ್ರ ಹಾಟ್ ವಾಲೆಟ್‌ನಲ್ಲಿರಲಿ, ಅದಕ್ಕೊಂದು ಮಿತಿ ಇರಲಿ. ಕೀಲಿ ಒಬ್ಬನ ಕೈಯಲ್ಲಿ ಎಂದೂ ಇರಬಾರದು. ಬ್ಯಾಂಕಿನ ಸ್ಟ್ರಾಂಗ್‌ರೂಮ್ ತೆರೆಯಲು ಇಬ್ಬರ ಕೀಲಿ ಬೇಕು, ಅವುಗಳ ನಕಲು ಕೀಲಿಗಳು ಮೊಹರು ಹಾಕಿಸಿಕೊಂಡು ಬೇರೆ ಶಾಖೆಯಲ್ಲಿ ಕುಳಿತಿರುತ್ತವೆ. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜ್‌ನಲ್ಲಿ ಈ ಪದ್ಧತಿ ಇರಲಿಲ್ಲ. ಅದರ ಸ್ಥಾಪಕ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡ. ವಾಲೆಟ್‌ಗಳ ಕೀಲಿ ಅವನೊಬ್ಬನಿಗೇ ಗೊತ್ತಿತ್ತು ಎಂದು ಕಂಪನಿ ಹೇಳಿತು. ತನಿಖೆ ಮಾಡಿದಾಗ ಆ ವಾಲೆಟ್‌ಗಳಲ್ಲಿ ಹಣವೇ ಇರಲಿಲ್ಲ, ಅವನು ಬದುಕಿದ್ದಾಗಲೇ ಗಿರಾಕಿಗಳ ಹಣದಲ್ಲಿ ಆಟವಾಡಿದ್ದ ಎಂಬುದು ಬಯಲಾಯಿತು. ಒಬ್ಬನೇ ಕೀಲಿ ಹಿಡಿದ ಕಡೆ ಸಾವು ಮತ್ತು ಮೋಸ ಎರಡಕ್ಕೂ ಬಾಗಿಲು ತೆರೆದಿರುತ್ತದೆ.

ಹಲವರ ಸಹಿ ಇಟ್ಟರೆ ಸಾಕು ಎಂದು ನೀನು ಬರೆದಿದ್ದೀಯ. ಸಾಲದು ಮಾರಾಯ. 2024ರ ಜುಲೈ 18ರಂದು ನಮ್ಮ ದೇಶದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯ ಹೋಯಿತು. ಅದು ಹಲವರ ಸಹಿ ಬೇಕಾದ ವಾಲೆಟ್‌ನಿಂದಲೇ ಹೋದದ್ದು. ಪರದೆಯ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಕಂಪನಿಯೇ ಹೇಳಿತು. 2025ರ ಫೆಬ್ರವರಿ 21ರಂದು ಇನ್ನೊಂದು ಎಕ್ಸ್‌ಚೇಂಜ್ ಆದ ಬೈಬಿಟ್‌ನಲ್ಲೂ ಅದೇ ಕಥೆ, ನಷ್ಟ ಮಾತ್ರ ಸುಮಾರು 150 ಕೋಟಿ ಡಾಲರ್. ಸಹಿ ಹಾಕಿದವರು ಕಳ್ಳರಲ್ಲ, ಅವರ ಕಣ್ಣಿಗೆ ಸುಳ್ಳು ಪರದೆ ತೋರಿಸಲಾಗಿತ್ತು. ಆದ್ದರಿಂದ ಸಹಿ ಹಾಕುವವನು ತಾನು ಒಪ್ಪುತ್ತಿರುವ ವಹಿವಾಟಿನ ವಿವರವನ್ನು ಬೇರೆಯೇ ಸಾಧನದಲ್ಲಿ, ಬೇರೆಯೇ ದಾರಿಯಿಂದ ಓದಿ ನೋಡುವ ವ್ಯವಸ್ಥೆ ಇರಬೇಕು. ಚೆಕ್ಕಿನ ಮೊತ್ತ ಓದದೆ ಸಹಿ ಹಾಕುವ ಅಧಿಕಾರಿಗಳನ್ನು ನಾನು ತಪಾಸಣೆಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅಂಥವರು ಇಬ್ಬರಿದ್ದರೂ ಒಂದೇ, ಆರು ಜನರಿದ್ದರೂ ಒಂದೇ.

2025ರ ಜುಲೈ 19ರ ಕಾಯಿನ್‌ಡಿಸಿಎಕ್ಸ್ ಪ್ರಕರಣವಂತೂ ನಿನಗೆ ಹತ್ತಿರದ್ದು, ಬೆಂಗಳೂರಿನಲ್ಲೇ ಪೊಲೀಸ್ ದೂರು ದಾಖಲಾಯಿತು. ಪಾಲುದಾರ ಎಕ್ಸ್‌ಚೇಂಜ್ ಒಂದರಲ್ಲಿ ವಹಿವಾಟಿಗೆಂದು ಇಟ್ಟಿದ್ದ ಕಂಪನಿಯ ಖಾತೆಯಿಂದ 4.4 ಕೋಟಿ ಡಾಲರ್ ಹೋಯಿತು. ದೂರಿನ ಪ್ರಕಾರ ಕಳ್ಳರು ಮೊದಲು ಒಂದೇ ಒಂದು ಡಾಲರಿನಷ್ಟು ಸಾಗಿಸಿ ದಾರಿ ಸರಿಯಿದೆಯೇ ಎಂದು ನೋಡಿದರು. ಕೆಲವು ಗಂಟೆಗಳ ಬಳಿಕ ಉಳಿದದ್ದೆಲ್ಲ ಹೋಯಿತು. ಹೊಸ ವಿಳಾಸಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಹೋದ ಆ ಒಂದು ಡಾಲರಿಗೆ ಗಂಟೆ ಬಾರಿಸುವ ವ್ಯವಸ್ಥೆಯನ್ನು ನೀನು ಕಟ್ಟಬೇಕು. ಕಾಯಿನ್‌ಡಿಸಿಎಕ್ಸ್‌ನ ಗಿರಾಕಿಗಳ ನಾಣ್ಯ ಬೇರೆಯಾಗಿ, ಕೋಲ್ಡ್ ವಾಲೆಟ್‌ಗಳಲ್ಲಿತ್ತು. ನಷ್ಟವನ್ನು ಕಂಪನಿ ತನ್ನ ನಿಧಿಯಿಂದಲೇ ತುಂಬಿಕೊಂಡಿತು. ಕಂಪನಿಯ ದುಡ್ಡು ಬೇರೆ, ಗಿರಾಕಿಯ ದುಡ್ಡು ಬೇರೆ ಎಂಬ ಗೆರೆ ಇದ್ದದ್ದರಿಂದ ಅದು ಸಾಧ್ಯವಾಯಿತು. ಆ ಗೆರೆಯನ್ನು ಅಳಿಸಿದ ವಿದೇಶಿ ಎಕ್ಸ್‌ಚೇಂಜ್ ಎಫ್‌ಟಿಎಕ್ಸ್ 2022ರ ನವೆಂಬರಿನಲ್ಲಿ ಕೆಲವೇ ದಿನಗಳಲ್ಲಿ ಕುಸಿದುಬಿತ್ತು.

ಇನ್ನು ಲೆಕ್ಕ. ಸೆಕೆಂಡಿಗೆ ಎಷ್ಟು ಆರ್ಡರ್ ಹೊಂದಿಸುತ್ತೀರಿ ಎನ್ನುವುದಕ್ಕಿಂತ ರಾತ್ರಿ ಲೆಕ್ಕ ಟ್ಯಾಲಿ ಆಗುತ್ತದೆಯೇ ಎಂಬುದು ನನಗೆ ಮುಖ್ಯ. ಕಂಪ್ಯೂಟರಿನ ಸಾಮಾನ್ಯ ದಶಮಾಂಶ ಲೆಕ್ಕದಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆಂದು ನೀನೇ ಒಮ್ಮೆ ತೋರಿಸಿದ್ದೆ. ಗಿರಾಕಿಯ ಹಣವನ್ನು ಆ ಲೆಕ್ಕದಲ್ಲಿ ಇಡಬೇಡ. ರೂಪಾಯಿಯನ್ನು ಪೈಸೆಯಲ್ಲಿ, ಬಿಟ್‌ಕಾಯಿನ್ನನ್ನು ಸತೋಶಿಯಲ್ಲಿ, ಅಂದರೆ ಒಂದಕ್ಕೆ ಹತ್ತು ಕೋಟಿಯಂತೆ, ಪೂರ್ಣಾಂಕದಲ್ಲೇ ಬರೆ. ಪ್ರತಿ ಜಮೆಗೆ ಒಂದು ಖರ್ಚು ಇರಲಿ. ಬರೆದದ್ದನ್ನು ಅಳಿಸುವ ಅಧಿಕಾರ ನಿನಗೂ ಇರಬಾರದು. ತಪ್ಪಾದರೆ ವಿರುದ್ಧ ನಮೂದು ಹಾಕಿ ಸರಿಪಡಿಸಬೇಕು. ಹಿಂದೆ ನಮ್ಮ ಶಾಖೆಗಳಲ್ಲಿ ಡೇ ಬುಕ್ ಟ್ಯಾಲಿ ಆಗದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ತಾಳೆಯಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಮರೆತ ಕಡೆಯಲ್ಲೇ ಮುಂದೆ ಹಗರಣ ಸಿಗುತ್ತಿತ್ತು. ನಿಮ್ಮಲ್ಲಿ ಲೆಡ್ಜರಿನ ಮೊತ್ತ ಮತ್ತು ವಾಲೆಟ್‌ಗಳಲ್ಲಿರುವ ನಿಜವಾದ ನಾಣ್ಯ ಗಂಟೆಗೊಮ್ಮೆ ತಾಳೆಯಾಗಲಿ. ವ್ಯತ್ಯಾಸ ಕಂಡರೆ ವಹಿವಾಟು ತಾನಾಗಿ ನಿಲ್ಲಲಿ.

ಮೀಸಲಿನ ಪುರಾವೆಯನ್ನು ಸಾರ್ವಜನಿಕವಾಗಿ ತೋರಿಸುತ್ತೇವೆ ಎಂದಿದ್ದೀರಿ, ಸಂತೋಷ. ಎಷ್ಟು ನಾಣ್ಯ ಇದೆ ಎಂದು ತೋರಿಸುವುದು ಅರ್ಧ ಮಾತು. ಜನರಿಗೆ ಎಷ್ಟು ಕೊಡಬೇಕಾಗಿದೆ ಎಂಬುದನ್ನೂ ತೋರಿಸಿ. ತನ್ನ ಬಾಕಿ ಆ ಲೆಕ್ಕದಲ್ಲಿ ಸೇರಿದೆಯೇ ಎಂದು ಪ್ರತಿ ಗಿರಾಕಿಯೂ ಮನೆಯಲ್ಲೇ ಪರೀಕ್ಷಿಸುವಂತೆ ಮಾಡಿ. ಮರ್ಕಲ್ ಟ್ರೀ ಎಂಬ ವಿಧಾನದಿಂದ ಇದು ಸಾಧ್ಯ ಎಂದು ನೀನೇ ವಿವರಿಸಿದ್ದೆ.

ನೂರಾರು ನಾಣ್ಯಗಳ ಆಸೆ ಬಿಡು. ಅಡಿಕೆ ಬೆಳೆಯುವ ಮನೆಯವನಾದ ನಿನಗೆ ಇದನ್ನು ಬೇಗ ಅರ್ಥ ಮಾಡಿಸಬಹುದು. ಬೋರ್ಡಿನಲ್ಲಿ ದರ ಬರೆದಿದ್ದರೆ ಸಾಕೇ? ಹತ್ತು ಕ್ವಿಂಟಾಲ್ ಚಾಲಿ ಅಡಿಕೆ ತಂದವನಿಗೆ ಆ ದರದಲ್ಲಿ ಕೊಳ್ಳುವವರು ಇರಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ಕೊಳ್ಳುವವರಿಲ್ಲದೆ ದರ ನೆಲಕಚ್ಚಿದ್ದರಿಂದಲೇ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ದರ ಬಿದ್ದ ದಿನವೂ ಮಾರುಕಟ್ಟೆಯಲ್ಲಿ ನಿಂತು ಕೊಳ್ಳುವ ಸಂಸ್ಥೆಯೊಂದು ಬೆಳೆಗಾರನಿಗೆ ಸಿಕ್ಕಿತು. ನಿಮ್ಮಲ್ಲೂ ಕೊಳ್ಳುವವರು, ಮಾರುವವರು ದಟ್ಟವಾಗಿರುವ ನಾಲ್ಕಾರು ನಾಣ್ಯ ಸಾಕು. ವಹಿವಾಟು ಹೆಚ್ಚು ಕಾಣಲೆಂದು ನಿಮ್ಮ ಖಾತೆಗಳಿಂದಲೇ ಕೊಂಡು ಮಾರಿದರೆ ಅದು ಶುದ್ಧ ಮೋಸ. ಯಾರಾದರೂ ಹಾಗೆ ಸಲಹೆ ಕೊಟ್ಟರೆ ಅವರನ್ನು ಹತ್ತಿರ ಬಿಟ್ಟುಕೊಳ್ಳಬೇಡ.

ಕಾನೂನನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಮಾತು ನಿಮ್ಮ ಯೋಜನೆಯಲ್ಲಿ ಎರಡು ಕಡೆ ಇದೆ. ಅದರ ಅಪಾಯ ನೋಡು: ಕರ್ನಾಟಕದ್ದೇ ಆದ ಯುನೋಕಾಯಿನ್ ಎಂಬ ಎಕ್ಸ್‌ಚೇಂಜ್ ಆರಂಭವಾದದ್ದು 2013ರಲ್ಲಿ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು ಇಂಥ ಕಂಪನಿಗಳಿಗೆ ಸೇವೆ ಕೊಡದಂತೆ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಯುನೋಕಾಯಿನ್ ಇಟ್ಟ ಎಟಿಎಂ ಮಾದರಿಯ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು, ಸಹಸ್ಥಾಪಕರು ಬಂಧನಕ್ಕೊಳಗಾದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನು ರದ್ದುಪಡಿಸಿತು. ಈ ಕ್ಷೇತ್ರದಲ್ಲಿ ನಿಯಮ ರಾತ್ರಿ ಬೆಳಗಾಗುವುದರೊಳಗೆ ಬದಲಾಗುತ್ತದೆ, ಅದನ್ನು ತಾಳುವಷ್ಟು ಬಂಡವಾಳವೂ ಒಬ್ಬ ಒಳ್ಳೆಯ ವಕೀಲರೂ ಮೊದಲ ದಿನದಿಂದಲೇ ಬೇಕು.

2023ರ ಮಾರ್ಚ್ 7ರಿಂದ ನಿಮ್ಮಂಥ ಕಂಪನಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬರುತ್ತದೆ. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಆಗಬೇಕು, ಅನುಮಾನ ಬಂದ ವಹಿವಾಟನ್ನು ವರದಿ ಮಾಡಬೇಕು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಂತೆ ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ತಿಳಿಸಬೇಕು, ಗಿರಾಕಿಗಳ ಕೆವೈಸಿ ದಾಖಲೆ ಐದು ವರ್ಷ ಕಾಪಾಡಬೇಕು. ಲಾಭಕ್ಕೆ ಶೇ. 30 ತೆರಿಗೆ ಇದೆ, ಪ್ರತಿ ಮಾರಾಟಕ್ಕೆ ಶೇ. 1 ಟಿಡಿಎಸ್ ಇದೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮಾರುವ ಗುಂಡಿ ಒತ್ತುವ ಮೊದಲೇ ಕೈಗೆ ಎಷ್ಟು ಬರುತ್ತದೆ ಎಂಬುದು ಗಿರಾಕಿಗೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಕಾಣಲಿ.

ಗಿರಾಕಿಯನ್ನು ಅವನ ಆತುರದಿಂದಲೂ ಕಾಪಾಡಬೇಕಾಗುತ್ತದೆ. ಪಾಸ್‌ವರ್ಡ್ ಬದಲಾದ ಮೇಲೆ ಒಂದು ದಿನ ನಾಣ್ಯ ಹೊರಹೋಗದಂತೆ ತಡೆ ಇಡು. ಹೊಸ ವಿಳಾಸಕ್ಕೆ ಕಳಿಸುವಾಗಲೂ ಕಾಯಿಸು. ಎಸ್‌ಎಂಎಸ್ ಒಟಿಪಿಯೊಂದನ್ನೇ ನಂಬಬೇಡ, ಸಿಮ್ ನಕಲು ಮಾಡಿಸುವ ಕಳ್ಳರಿದ್ದಾರೆ. ಅಪರಿಚಿತನಿಗೆ ನೇರವಾಗಿ ನಾಣ್ಯ ಮಾರಿ, ಅವನು ಕಳಿಸಿದ್ದು ಇನ್ಯಾರಿಂದಲೋ ಕದ್ದ ಹಣವಾಗಿ, ಪೊಲೀಸರ ಸೂಚನೆಯಂತೆ ಬ್ಯಾಂಕ್ ಖಾತೆಯೇ ಸ್ಥಗಿತಗೊಂಡವರು ಊರೂರಿನಲ್ಲಿದ್ದಾರೆ. ಹಾಗಾಗಿ ಬ್ಯಾಂಕ್ ಖಾತೆಯ ಹೆಸರೂ ಕೆವೈಸಿಯ ಹೆಸರೂ ಒಂದೇ ಇರಲೇಬೇಕು. ದೂರು ಹೇಳಲು ಕರೆ ಮಾಡಿದರೆ ಕನ್ನಡ, ತುಳು ಬಲ್ಲ ಮನುಷ್ಯ ಫೋನ್ ಎತ್ತಲಿ. ಬೆಳ್ತಂಗಡಿಯಲ್ಲಿ ಕುಳಿತು ನಡೆಸುವ ನಿಮಗೆ ಇದು ದೊಡ್ಡ ಕಂಪನಿಗಳಿಗಿಂತ ಸುಲಭ.

ರೆಫರಲ್ ಬೋನಸ್ ಬೇಡವೇ ಬೇಡ. ಸ್ವಸಹಾಯ ಸಂಘದ ಸಾಲದ ಕಂತು ಕಟ್ಟುವ ಹೆಂಗಸರ ಕೈಗೆ ಗೆಳತಿಯ ಮಾತಿನ ಮೂಲಕ ಈ ಆ್ಯಪ್ ಬರುವುದನ್ನು ನಾನು ಒಪ್ಪುವುದಿಲ್ಲ. ಬೆಲೆ ಅರ್ಧಕ್ಕೆ ಇಳಿದರೂ ಮನೆ ನಡೆಯುವವರು ಮಾತ್ರ ಇದರೊಳಗೆ ಬರಲಿ, ಹಾಗೆಂದು ಮೊದಲ ಪರದೆಯಲ್ಲೇ ಬರೆದುಬಿಡು.

ಈ ಪತ್ರವನ್ನು ಗೆಳೆಯರಿಗೂ ಓದಿಸು. ಮುಂದಿನ ಸಲ ಊರಿಗೆ ಬಂದಾಗ ಪಟ್ಟಿಯನ್ನು ತಿದ್ದಿ ತಾ, ಕೂತು ಸಾಲು ಸಾಲಾಗಿ ನೋಡೋಣ. ಅಲ್ಲಿಯವರೆಗೆ ನನ್ನದೊಂದೇ ಕೋರಿಕೆ: ನೋಂದಣಿ ಆಗಿ, ಹೊರಗಿನ ಆಡಿಟರು ವಾಲೆಟ್ ಮತ್ತು ಲೆಡ್ಜರ್ ಎರಡನ್ನೂ ನೋಡಿ ಸಹಿ ಹಾಕುವ ತನಕ ಊರಿನ ಯಾರಿಂದಲೂ ಒಂದು ರೂಪಾಯಿ ತೆಗೆದುಕೊಳ್ಳಬೇಡ.

ಇಂತು,
ನಿನ್ನ ಮಾವ