ಲುಸ್ತ್ರ ಪಟ್ಟಣದವರಿಂದ ನಾವು ಕಲಿಯತಕ್ಕ ಪಾಠ

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 14:8–23

ಒಂದೇ ಮಳೆಯ ನೀರು ಕೆಂಪು ನೆಲದಲ್ಲಿ ಕೆಂಪಾಗಿಯೂ ಎರೆಯ ನೆಲದಲ್ಲಿ ಕಪ್ಪಾಗಿಯೂ ಹರಿಯುವದನ್ನು ನೀವು ನೋಡಿದ್ದೀರಿ. ನೀರು ಆಕಾಶದ್ದು, ಬಣ್ಣವು ನೆಲದ್ದು. ಹಾಗೆಯೇ ಒಂದೇ ಸಂಗತಿಯನ್ನು ಅನೇಕರು ಕಂಡರೂ, ಪ್ರತಿಯೊಬ್ಬನು ತಾನು ಬೆಳೆದ ಮನೆಯ ಮತ್ತು ಊರಿನ ಎಣಿಕೆಯಂತೆ ಅದರ ಅರ್ಥವನ್ನು ಗ್ರಹಿಸುತ್ತಾನೆ. ಇದನ್ನು ತಿಳಿಯದವನ ನಂಬಿಕೆಗೆ ಎಂಥ ಅಪಾಯ ಉಂಟೆಂಬದನ್ನು ಲುಸ್ತ್ರದವರ ಚರಿತ್ರೆಯು ತೋರಿಸುತ್ತದೆ.

ಲುಸ್ತ್ರವು ಈಗಿನ ತುರ್ಕಿ ದೇಶದ ಒಳನಾಡಿನಲ್ಲಿದ್ದ ಪಟ್ಟಣ. ಕ್ರಿ. ಶ. 48ರ ಸುಮಾರಿಗೆ ಪೌಲನೂ ಬಾರ್ನಬನೂ ಅಲ್ಲಿಗೆ ಬಂದರು. ಹುಟ್ಟುಕುಂಟನೊಬ್ಬನು ಪೌಲನ ಮಾತಿಗೆ ಎದ್ದು ನಡೆದಾಡಿದನು. ಜನರು ಅದನ್ನು ಕಂಡು, ದೇವತೆಗಳೇ ಮನುಷ್ಯರೂಪದಿಂದ ಇಳಿದು ಬಂದರೆಂದು ತಮ್ಮ ಭಾಷೆಯಲ್ಲಿ ಕೂಗಿ, ಬಾರ್ನಬನನ್ನು ದ್ಯೌಸ್ ಎಂದೂ, ಹೆಚ್ಚಾಗಿ ಮಾತಾಡುತ್ತಿದ್ದ ಪೌಲನನ್ನು ಹೆರ್ಮೆ ಎಂದೂ ಕರೆದರು. ಪೂಜಾರಿಯು ಎತ್ತುಗಳನ್ನೂ ಹೂಮಾಲೆಗಳನ್ನೂ ತಂದನು.

ಅವರನ್ನು ಮೂಢರೆಂದು ನಗುವದು ಸುಲಭ. ಆದರೆ ಅವರು ಕೇಳಿ ಬೆಳೆದ ಕಥೆಗಳನ್ನು ನೆನಸಿರಿ. ಈ ಇಬ್ಬರು ದೇವತೆಗಳು ನೆರೆಯ ಫ್ರುಗ್ಯ ಸೀಮೆಗೆ ದಾರಿಗರ ವೇಷದಿಂದ ಬಂದಾಗ ಸಾವಿರ ಮನೆಗಳವರು ಬಾಗಿಲು ಮುಚ್ಚಿದರೆಂದೂ, ಬಡ ಮುದುಕ ಮುದುಕಿ ಮಾತ್ರ ಉಪಚರಿಸಿದರೆಂದೂ, ಆ ಇಬ್ಬರ ಹೊರತು ಆ ಸ್ಥಳದವರೆಲ್ಲರೂ ನೀರಿನಲ್ಲಿ ಮುಳುಗಿಹೋದರೆಂದೂ ಒಂದು ಕಥೆ ಇತ್ತು. ರೋಮಿನ ಕವಿಯಾದ ಓವಿದನು ಪೌಲನ ಪ್ರಯಾಣಕ್ಕೆ ಸುಮಾರು 40 ವರುಷ ಮುಂಚೆ ಇದನ್ನು ಬರೆದಿಟ್ಟಿದ್ದಾನೆ. ಇಂಥ ಕಥೆಯನ್ನು ಹೃದಯದಲ್ಲಿ ಇಟ್ಟುಕೊಂಡವರು ಅಪರಿಚಿತರಾದ ಇಬ್ಬರನ್ನು ಕಂಡು ಮತ್ತೇನು ನೆನಸಾರು? ಅವರ ಕಣ್ಣು ಅದ್ಭುತವನ್ನು ಸರಿಯಾಗಿಯೇ ಕಂಡಿತು. ಅದರ ಅರ್ಥವನ್ನೋ ಹಳೆಯ ಕಥೆಯು ಹೇಳಿಕೊಟ್ಟಿತು.

ಮುಂದೆ ಏನಾಯಿತು? ಅಂತಿಯೋಕ್ಯದಿಂದಲೂ ಇಕೋನ್ಯದಿಂದಲೂ ಬಂದ ವಿರೋಧಿಗಳು ಆ ಜನರ ಮನಸ್ಸನ್ನು ತಿರುಗಿಸಲು, ಮಾಲೆ ತಂದ ಊರಿನಲ್ಲಿಯೇ ಪೌಲನ ಮೇಲೆ ಕಲ್ಲುಗಳು ಬಿದ್ದವು. ಸತ್ತನೆಂದು ನೆನಸಿ ಅವನನ್ನು ಊರ ಹೊರಗೆ ಎಳೆದುಹಾಕಿದರು. ಅದ್ಭುತವನ್ನು ಕಂಡು ಉಂಟಾದ ಸಂಭ್ರಮವು ಬೇರೂರಿದ ನಂಬಿಕೆಯಲ್ಲ.

ಪೌಲನು ಬೋಧಿಸಿದ ರೀತಿಯನ್ನೂ ಗಮನಿಸಿರಿ. ಪಿಸಿದ್ಯದ ಅಂತಿಯೋಕ್ಯದ ಸಭಾಮಂದಿರದಲ್ಲಿ ಅವನು ಇಸ್ರಾಯೇಲ್ಯರು ಐಗುಪ್ತವನ್ನು ಬಿಟ್ಟದ್ದು ಮೊದಲುಗೊಂಡು ದಾವೀದನ ವರೆಗಿನ ಚರಿತ್ರೆಯನ್ನು ಹೇಳಿದನು. ಲುಸ್ತ್ರದವರಿಗೆ ಆ ಚರಿತ್ರೆ ತಿಳಿಯದು. ಆದದರಿಂದ ಅವರು ಕಂಡ ಮಳೆ, ಬೆಳೆ, ಆಹಾರ, ಆನಂದ ಇವುಗಳಿಂದ ಮಾತನ್ನು ಆರಂಭಿಸಿ ಜೀವಸ್ವರೂಪನಾದ ದೇವರ ಕಡೆಗೆ ಅವರನ್ನು ಕರೆದನು. ದಾರಿಯು ಬೇರೆ, ಕರೆದ ದೇವರು ಒಬ್ಬನೇ.

ನಮ್ಮ ವಿಷಯವೇನು? ನಮ್ಮ ಹಿರಿಯರು ಪ್ರಭವ ಮೊದಲಾದ 60 ಸಂವತ್ಸರಗಳನ್ನು ಎಣಿಸಿ ತಿರಿಗಿ ಪ್ರಭವಕ್ಕೇ ಬರುವರು. ಬಿತ್ತನೆಗೂ ಸುಗ್ಗಿಗೂ ಈ ಎಣಿಕೆಯು ತಪ್ಪಲ್ಲ. ಆದರೆ ಯುಗಗಳೂ ಅವತಾರಗಳೂ ಚಕ್ರದಂತೆ ತಿರುಗಿ ಬರುವವೆಂದು ಕೇಳಿ ಬೆಳೆದವನು ಯೇಸುವನ್ನೂ ಆ ಸಾಲಿನಲ್ಲಿ ಇನ್ನೊಬ್ಬನೆಂದು ಎಣಿಸಬಹುದು. ಇದಕ್ಕಾಗಿಯೇ ಲೂಕನು ತಿಬೇರಿಯ ಕೈಸರನ ಆಳಿಕೆಯ 15ನೆಯ ವರುಷವನ್ನೂ ಪಿಲಾತನ ಅಧಿಕಾರವನ್ನೂ ಹೆಸರಿಸಿದ್ದನ್ನು ನಾವು ಜಾಗ್ರತೆಯಿಂದ ಓದಬೇಕು. 1961ರಲ್ಲಿ ಕೈಸರೈಯದಲ್ಲಿ ದೊರೆತ ಕಲ್ಲಿನ ಮೇಲೆ ಆ ಪಿಲಾತನ ಹೆಸರು ಕೆತ್ತಲ್ಪಟ್ಟಿದೆ. ನಮ್ಮ ಕರ್ತನು ಒಂದು ಕಾಲದಲ್ಲಿ, ಒಂದು ದೇಶದಲ್ಲಿ, ಒಂದೇ ಸಾರಿ ನಮಗಾಗಿ ಪ್ರಾಣ ಕೊಟ್ಟನು.

ಇನ್ನೊಂದು ಮಾತು. ನಮ್ಮ ಸಭೆಯ ಒಬ್ಬಾಕೆಯ ಕೂಸು ಸತ್ತರೆ, ಯಾವ ಕರ್ಮದ ಫಲವೋ ಎಂಬ ಮಾತು ನೆರೆಯವರ ಬಾಯಿಂದ ಮಾತ್ರವಲ್ಲ, ಕೆಲವು ಸಾರಿ ವಿಶ್ವಾಸಿಗಳ ಬಾಯಿಂದಲೂ ಬರುವದು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಯಾರ ಪಾಪದಿಂದ ಹೀಗಾಯಿತೆಂದು ಕೇಳಿದರು; ಕರ್ತನು ಆ ಎಣಿಕೆಯನ್ನೇ ಒಪ್ಪಲಿಲ್ಲ. ಅಳುತ್ತಿರುವ ತಾಯಿಯ ಮೇಲೆ ಆ ಮಾತನ್ನು ಹೊರಿಸುವವನು ತಿಳಿಯದೆ ಕಲ್ಲೆಸೆಯುವವನೇ.

ಹಳೆಯ ಎಣಿಕೆಯು ನಮ್ಮಲ್ಲಿ ಮಾತ್ರ ಇದೆ ಎನ್ನಬೇಡಿರಿ. ಅನ್ಯಜನರ ಮನೆಯಲ್ಲಿ ಕಾಲಿಡುವದಕ್ಕೆ ಮುಂಚೆ ಪೇತ್ರನಿಗೂ ದರ್ಶನ ಬೇಕಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರೂ ತಮ್ಮ ದೇಶದ ಪದ್ಧತಿಗಳನ್ನು ಹೊತ್ತು ಬಂದವರೇ. ಅವರು ತಂದ ಸುವಾರ್ತೆ ದೇವರದು; ಪದ್ಧತಿಗಳು ಅವರ ಊರಿನವು. ಎರಡನ್ನೂ ವಿವೇಚಿಸುವ ಅಳತೆ ದೇವರ ವಾಕ್ಯವೇ.

ಪೌಲನು ಕಲ್ಲು ಬಿದ್ದ ಆ ಊರಿಗೆ ತಿರಿಗಿ ಹೋಗಿ ಶಿಷ್ಯರನ್ನು ದೃಢಪಡಿಸಿದನು. ಎರಡನೆಯ ಪ್ರಯಾಣದಲ್ಲಿ ಅಲ್ಲಿಯೇ ತಿಮೊಥೆಯನ್ನು ತನ್ನೊಡನೆ ಕರೆದುಕೊಂಡನು. ಅಜ್ಜಿಯಾದ ಲೋವಿಯಲ್ಲಿಯೂ ತಾಯಿಯಾದ ಯೂನಿಕೆಯಲ್ಲಿಯೂ ಇದ್ದ ನಂಬಿಕೆ ಅವನಲ್ಲಿಯೂ ಇತ್ತು. ಚಿಕ್ಕಂದಿನಿಂದಲೇ ಅವನು ಪರಿಶುದ್ಧ ಗ್ರಂಥಗಳನ್ನು ಬಲ್ಲವನು. ಒಂದು ದಿನದ ಅದ್ಭುತವು ಮಾಡದೆ ಹೋದದ್ದನ್ನು ಮನೆಯ ಬೋಧನೆಯು ಮಾಡಿತು.

ಮನೆಯ ಪ್ರಾರ್ಥನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

1. ಲುಸ್ತ್ರದವರು ಕಂಡದ್ದೇನು? ನೆನಸಿದ್ದೇನು?
2. ದುಃಖ ಬಂದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾರಿಂದ ಕಲಿತದ್ದು?
3. ನಮ್ಮ ಮಕ್ಕಳಿಗೆ ಸತ್ಯವೇದದ ಚರಿತ್ರೆಯನ್ನು ಹೇಳುವವರು ಯಾರು?

ಕರ್ತನು ನಮ್ಮ ಕಣ್ಣುಗಳನ್ನು ತೆರೆದು, ಕಂಡದ್ದನ್ನು ಸರಿಯಾಗಿ ತಿಳಿಯುವ ಹೃದಯವನ್ನೂ ದಯಪಾಲಿಸಲಿ.